ಕೇಳುವವರಿದ್ದರೆ ಹಾಡು

ನಮ್ಮ ಕಡೆಯ ಸೀಗಿಹುಣ್ಣಿಮೆ, ಈ ಊರವರ ಕೋಜಾಗಿರಿ, ಇವೆರಡೂ ಒಂದೇ ದಿನದ ಎರಡು ಹೆಸರುಗಳೆಂಬದು ಪುಣೆಗೆ ಬಂದ ಹೊಸತರಲ್ಲಿ ನನಗೆ ತಿಳಿದಿರಲಿಲ್ಲ. ಭೀಮಾತೀರದ ಹಳ್ಳಿಯಲ್ಲಿ ಹುಟ್ಟಿದ ನನ್ನಂಥವನಿಗೆ ಸೀಗಿಹುಣ್ಣಿಮೆ ಎಂದರೆ ಹೊಲ. ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗುವದು, ಬೆಳೆದು ನಿಂತ ಪೈರನ್ನು ಪೂಜಿಸಿ ಚರಗ ಚೆಲ್ಲುವದು, ಬಂಧುಬಳಗದೊಡನೆ ಅಲ್ಲಿಯೇ ಕುಳಿತು ಉಣ್ಣುವದು. ಪುಣೆಯಲ್ಲಿ ಅದೇ ದಿನ ರಾತ್ರಿ ಮಾಳಿಗೆಯ ಮೇಲೆ ಹಾಲು ಕಾಯಿಸಿ, ಕೇಸರಿ, ಏಲಕ್ಕಿ, ಬದಾಮು ಹಾಕಿ, ಬೆಳದಿಂಗಳು ಅದರ ಮೇಲೆ ಬೀಳುವಂತೆ ಇಟ್ಟು ಕುಡಿಯುತ್ತಾರೆ. “ಯಾರು ಎಚ್ಚರವಾಗಿದ್ದಾರೆ?” ಎಂದು ಕೇಳುತ್ತ ಲಕ್ಷ್ಮಿ ಆ ರಾತ್ರಿ ಮನೆಮನೆಗೂ ಬರುತ್ತಾಳಂತೆ. ಕೋಜಾಗಿರಿ ಎಂಬ ಹೆಸರೇ ಆ ಪ್ರಶ್ನೆಯಿಂದ ಬಂದದ್ದು. ಗುಜರಾತಿಗಳಿಗೆ ಅದು ಶರದ್ ಪೂನಮ್. ಹಾಲಿನಲ್ಲಿ ಅವಲಕ್ಕಿ ನೆನೆಯಿಸಿಟ್ಟು ಗರಬಾ ಆಡುತ್ತಾರೆ. ಬಂಗಾಲಿಗಳಿಗೆ ಲಕ್ಷ್ಮೀಪೂಜೆ. ಇವೆಲ್ಲದರ ಮೇಲೆ, ಕರ್ನಾಟಕದಲ್ಲಿ ಅಂದೇ ವಾಲ್ಮೀಕಿ ಜಯಂತಿ. ಆದಿಕವಿಯ ಜಯಂತಿಯ ದಿನ, ಇಡೀ ದೇಶ ಎಚ್ಚರವಾಗಿ ಕುಳಿತ ರಾತ್ರಿ. ಕವಿತೆಗೆಂದು ವರ್ಷದಲ್ಲಿ ಒಂದು ರಾತ್ರಿಯನ್ನು ಆರಿಸಿರೆಂದರೆ ಇದಕ್ಕಿಂತ ಒಳ್ಳೆಯದು ಸಿಕ್ಕಲಾರದು.

ಆದರೆ ನಿಜ ಹೇಳುವದಾದರೆ, ಕೋಥರೂಡದಲ್ಲಿರುವ ನಮ್ಮ ಸೊಸಾಯಿಟಿಯ ಮಾಳಿಗೆಯ ಮೇಲೆ ಅನೇಕ ವರ್ಷ ಕವಿತೆಯ ಸುಳಿವೇ ಇರಲಿಲ್ಲ. ಹಾಲು ಕಾಯುವ ತನಕ ಹೌಸೀ ಆಟ, ಹಾಲು ಆರುವ ತನಕ ಸಿನೇಮಾ ಹಾಡುಗಳ ಅಂತ್ಯಾಕ್ಷರಿ, ಹಾಲು ಕುಡಿದ ಮೇಲೆ ಗಾಡಿ ನಿಲ್ಲಿಸುವ ಜಾಗದ ಜಗಳ. ಹೀಗೆ ಮೂರಂಕದ ನಾಟಕ ವರ್ಷವರ್ಷವೂ ನಡೆಯುತ್ತಿದ್ದಿತು. ಈಚಿನ ಒಂದು ವರ್ಷ ಮಕ್ಕಳೇ ಮುಂದಾಗಿ, ಈ ಸಲ ನಾವು ಬರೆದ ಕವಿತೆಗಳನ್ನು ಓದುತ್ತೇವೆ ಎಂದು ಹಟ ಹಿಡಿದರು. ಎರಡನೆಯ ಮಾಳಿಗೆಯಲ್ಲಿ ನಿವೃತ್ತ ಮರಾಠಿ ಶಿಕ್ಷಕಿಯೊಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕೂ. ಅವರು ಮೂರು ಮಾತಿನಲ್ಲಿ ನಿಯಮ ಹೇಳಿ ಮುಗಿಸಿದರು. ಕವಿತೆ ಸ್ವಂತದ್ದಿರಬೇಕು. ಮನೆಯಲ್ಲಿ ಆಡುವ ಮಾತಿನಲ್ಲಿರಬೇಕು. ಓದಿದ ಮೇಲೆ ಎಲ್ಲರಿಗೂ ತಿಳಿಯುವಂತೆ ಮರಾಠಿಯಲ್ಲಾಗಲಿ ಹಿಂದಿಯಲ್ಲಾಗಲಿ ಎರಡು ವಾಕ್ಯದಲ್ಲಿ ಅರ್ಥ ಹೇಳಬೇಕು. ಬಹುಮಾನವಿಲ್ಲ, ಪರೀಕ್ಷಕರಿಲ್ಲ.

ಇಪ್ಪತ್ತನಾಲ್ಕು ಮನೆಗಳಲ್ಲಿ ಕನ್ನಡದ ಮನೆಗಳು ಮೂರು, ಗೇಟಿನ ಬಳಿಯ ಕೋಣೆಯಲ್ಲಿರುವ ವಾಚಮನ್‌ನ ಸಂಸಾರ ಹಿಡಿದರೆ ನಾಲ್ಕು. ಕನ್ನಡದ ಮಕ್ಕಳನ್ನು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. “ನೀವು ನಿಮ್ಮ ಸಂಘದಲ್ಲಿ ಇಂಥವನ್ನೆಲ್ಲ ಮಾಡುತ್ತೀರಲ್ಲ” ಎಂದರು ಕಾಕೂ. ನಾನು ತಲೆಯಾಡಿಸಿದೆ. ಆದರೆ ಒಳಗೊಳಗೆ ಸ್ವಲ್ಪ ನಾಚಿಕೆಯಾಯಿತು. ಅದಕ್ಕೆ ಕಾರಣವಿದೆ.

ಹಿಂದೊಮ್ಮೆ ಸಂಘದ ಮಕ್ಕಳ ಕವನ ಸ್ಪರ್ಧೆಗೆ ನಿಯಮಾವಳಿ ಬರೆಯುವ ಕೆಲಸ ನನಗೇ ಬಂದಿದ್ದಿತು. ಬಹಳ ಶ್ರದ್ಧೆಯಿಂದ ಬರೆದೆ. ಭಾಷೆ ಶುದ್ಧವಿರಬೇಕು, ಲಿಪಿ ಕನ್ನಡವೇ ಆಗಿರಬೇಕು, ಪರಭಾಷೆಯ ಶಬ್ದ ಬರಕೂಡದು, ಕಾಗುಣಿತದ ತಪ್ಪಿಗೆ ಗುಣ ಕಳೆಯಲಾಗುವದು. ಬಂದ ಕವನಗಳು ನಾಲ್ಕು. ಅವುಗಳಲ್ಲಿ ಮೂರರ ಕೈಬರಹ ತಾಯಂದಿರದು. “ಇಂದಿನ ಮಕ್ಕಳಿಗೆ ಅಭಿಮಾನವೇ ಇಲ್ಲ” ಎಂದು ಸಭೆಯಲ್ಲಿ ನಾನೇ ಮಾತನಾಡಿದೆ. ಎಲ್ಲರೂ ಒಪ್ಪಿದರು. ಇಂಥ ಮಾತನ್ನು ಒಪ್ಪುವದು ಯಾರಿಗೂ ಕಷ್ಟವಲ್ಲ.

ಆ ವರ್ಷ ಮೊದಲಿಗೆ ನನ್ನಲ್ಲಿಗೆ ಬಂದವಳು ನನ್ನ ಮೊಮ್ಮಗಳೇ. ಏಳನೆಯ ಇಯತ್ತೆ, ಇಂಗ್ಲಿಷ್ ಶಾಲೆ. ಶಾಲೆಯಲ್ಲಿ ಕಲಿತ ಲಿಪಿಗಳು ಎರಡು, ಇಂಗ್ಲಿಷಿನದು ಮತ್ತು ದೇವನಾಗರಿ. ಕೈಯಲ್ಲಿ ಒಂದು ಹಾಳೆ.

“ಅಜ್ಜಾ, ನನಗ ಕನ್ನಡ ಅಕ್ಷರ ಬರೂದಿಲ್ಲ. ಆದ್ರ ಕನ್ನಡದಾಗನ ಬರದೇನಿ. ನಡೀತದೇನು?”

ನೋಡಿದೆ. ದೇವನಾಗರಿ ಅಕ್ಷರಗಳಲ್ಲಿ ನಮ್ಮ ಮನೆಯ ಮಾತು. ಹ್ರಸ್ವ ಎ-ಕಾರಕ್ಕೂ ದೀರ್ಘಕ್ಕೂ ಆ ಲಿಪಿಯಲ್ಲಿ ಭೇದವಿಲ್ಲವಷ್ಟೆ. ‘ಕೆರೆ’ ಹೋಗಿ ‘ಕೇರೇ’ ಆಗಿದ್ದಿತು. ಅಭ್ಯಾಸಬಲದಿಂದ ನನ್ನ ಕೈ ಜೇಬಿನ ಲೇಖಣಿಗೆ ಹೋಯಿತು. ಅಲ್ಲಿಯೇ ನಿಂತಿತು. ಮೂವತ್ತು ವರ್ಷದ ಹಿಂದಿನ ಇನ್ನೊಂದು ಹಾಳೆಯ ನೆನಪಾಯಿತು.

ಆಗ ಇವಳ ತಂದೆಗೆ, ಎಂದರೆ ನನ್ನ ಮಗನಿಗೆ, ಹತ್ತು ವರ್ಷ. ಅವನಿಗೆ ಅಕ್ಷರ ನಾನೇ ಕಲಿಸಿದ್ದೆ. ಒಂದು ಮಳೆಗಾಲ, ಲಕಡೀಪೂಲಿನ ಮೇಲೆ ನಿಂತು ಮುಠಾ ನದಿಯ ನೀರು ನೋಡುತ್ತ, ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಹೇಳಿದೆ: ಮುಠಾ ಇಲ್ಲಿಯೇ ಸಂಗಮದಲ್ಲಿ ಮುಳಾ ನದಿಯನ್ನು ಸೇರುತ್ತದೆ, ಎರಡೂ ಕೂಡಿ ಮುಂದೆ ಭೀಮೆಗೆ ಹೋಗುತ್ತವೆ, ಭೀಮೆ ಪಂಢರಪುರದ ಮೇಲೆ ಹಾಯ್ದು ನಮ್ಮ ಅಜ್ಜಿಯ ಊರಿಗೆ ಬರುತ್ತಾಳೆ, ಅಲ್ಲಿಂದ ಕಲಬುರ್ಗಿಯ ನಾಡನ್ನು ದಾಟಿ ರಾಯಚೂರಿನ ಕಡೆಗೆ ಕೃಷ್ಣೆಯಲ್ಲಿ ಕೂಡುತ್ತಾಳೆ. ಮರುದಿನ ಹುಡುಗ ನಾಲ್ಕು ಸಾಲು ಬರೆದು ತಂದ. ಹೊಳಿಯಾಗ ಒಂದು ಕಾಗದದ ಹೋಡಿ ಬಿಟ್ಟು, ಅದರ ಕೂಡ ಅಜ್ಜಿಗೆ ಸುದ್ದಿ ಕಳಿಸುವ ಮಾತು. ಸಂತೋಷವಾಯಿತು. ಆದರೆ ಸಂತೋಷವನ್ನು ತೋರಿಸುವ ಮೊದಲು ಕೆಂಪು ಶಾಯಿಯ ಲೇಖಣಿ ತೆಗೆದೆ. ‘ಹೊಳಿ’ ಹೊಡೆದು ‘ಹೊಳೆ’ ಮಾಡಿದೆ. ‘ಹೋಡಿ’ ಮರಾಠಿ ಶಬ್ದ. ಅದನ್ನು ಹೊಡೆದು ‘ದೋಣಿ’ ಮಾಡಿದೆ. ಹಾಳೆ ಹಿಂದಕ್ಕೆ ಕೊಟ್ಟು “ಶಾಬಾಸ್” ಎಂದೆ. ಹುಡುಗ ಹಾಳೆ ತೆಗೆದುಕೊಂಡು ಹೋದ. ಮತ್ತೆಂದೂ ಕನ್ನಡದಲ್ಲಿ ಒಂದು ಸಾಲು ಬರೆದು ನನಗೆ ತೋರಿಸಲಿಲ್ಲ.

ಹೊಳಿಯಲ್ಲಿ ಹೋಡಿ. ಆ ಎರಡು ಶಬ್ದಗಳು ಒಂದರ ಹಿಂದೊಂದು ತೇಲಿ ಹೋಗುವ ಚಂದವನ್ನು ಕೇಳಿಯೇ ಮಗು ಅವನ್ನು ಆರಿಸಿದ್ದಿತೆಂಬದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ನಾನು ತಿದ್ದಿದ್ದು ಕಾಗುಣಿತವನ್ನು, ಮುಳುಗಿದ್ದು ಹೋಡಿ.

ವಾಚಕರೆ, ಇದು ನನ್ನೊಬ್ಬನ ಕಥೆಯಾಗಿದ್ದರೆ ಈ ಪುಟದಲ್ಲಿ ಬರೆಯುತ್ತಿರಲಿಲ್ಲ. ಪರಸ್ಥಳದಲ್ಲಿರುವ ನಮ್ಮ ಅನೇಕ ಮನೆಗಳಲ್ಲಿ ಹೀಗೆಯೇ ಆಗಿದೆ. ಮಗು ಕನ್ನಡ ಬರೆಯುವದಿಲ್ಲವೆಂದು ಕೊರಗುತ್ತೇವೆ. ಅದು ಬರೆದದ್ದನ್ನು ಕೇಳುವ ಕಿವಿ ನಮಗಿದ್ದಿತೆ ಎಂದು ಕೇಳಿಕೊಳ್ಳುವದಿಲ್ಲ.

ನಮ್ಮ ಬೇಂದ್ರೆಯವರನ್ನೇ ನೋಡಿರಿ. ಅವರ ಮನೆಮಾತು ಮರಾಠಿ. ಬಿ.ಎ. ಮುಗಿಸಿದ್ದು 1918ರಲ್ಲಿ, ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಮನೆಯಲ್ಲಿ ಮರಾಠಿ, ಕಾಲೇಜಿನ ಊರಿನಲ್ಲಿ ಮರಾಠಿ, ಪಾಠ ಇಂಗ್ಲಿಷಿನಲ್ಲಿ. ನಾನು ಬರೆದ ನಿಯಮಾವಳಿಯನ್ನು ಹಿಡಿದು ನೋಡಿದರೆ, ಆ ತರುಣನನ್ನು ಕನ್ನಡ ಕವಿಗಳ ಪಟ್ಟಿಯಲ್ಲಿ ಸೇರಿಸಬಹುದೋ ಇಲ್ಲವೋ ಎಂದು ತೀರ್ಮಾನಿಸಲು ಸಮಿತಿಯ ಎರಡು ಸಭೆಗಳಾದರೂ ಬೇಕಾಗುತ್ತಿದ್ದವು. ಆದರೆ ಧಾರವಾಡದ ಓಣಿಯ ಮಾತು ಅವರ ಕಿವಿಯಲ್ಲಿದ್ದಿತು. ಊರಿಗೆ ಮರಳಿದ ಮೇಲೆ, 1920ರ ದಶಕದಲ್ಲಿ, ಅವರ ಸುತ್ತ ಗೆಳೆಯರ ಗುಂಪು ಕೂಡಿತು. ಬರೆದದ್ದನ್ನು ಓದಿದರೆ ಕೇಳುವವರು, ಕೇಳಿ ಮತ್ತೊಂದು ಎನ್ನುವವರು ಸಿಕ್ಕರು. ಓಣಿಯ ಮಾತು ಕಾವ್ಯವಾಯಿತು. ಆ ಕವಿಗೆ ‘ನಾಕುತಂತಿ’ಗಾಗಿ 1973ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. 1944ರಿಂದ 1956ರ ವರೆಗೆ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು, ಮರಾಠಿಯಲ್ಲಿಯೂ ಬರೆದರು. ಒಂದು ಭಾಷೆ ಬಂದಿತೆಂದು ಇನ್ನೊಂದು ಅವರನ್ನು ಬಿಟ್ಟು ಹೋಗಲಿಲ್ಲ.

ಅದೇ ದಶಕದಲ್ಲಿ ಪುಣೆಯಲ್ಲಿ ಏನಾಯಿತೆಂಬದನ್ನೂ ನೋಡಬೇಕು. 1923ರಲ್ಲಿ ಇಲ್ಲಿ ಮರಾಠಿ ತರುಣ ಕವಿಗಳು ರವಿಕಿರಣ ಮಂಡಳವನ್ನು ಕಟ್ಟಿದರು. ಮಾಧವ ಜೂಲಿಯನ್, ಯಶವಂತ, ಗಿರೀಶ ಮೊದಲಾದವರು ರವಿವಾರ ಚಹಕ್ಕೆ ಕೂಡುವರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೇಳುವರು. ಧಾರವಾಡದಲ್ಲಿ ಗೆಳೆಯರ ಗುಂಪು, ಪುಣೆಯಲ್ಲಿ ರವಿಕಿರಣ ಮಂಡಳ. ಎರಡು ಊರು, ಎರಡು ಭಾಷೆ. ಆದರೆ ಕವಿತೆ ಬೆಳೆದ ಬಗೆ ಒಂದೇ. 1931ರಲ್ಲಿ ನಮ್ಮ ವಿನಾಯಕ ಕೃಷ್ಣ ಗೋಕಾಕರು ಫರ್ಗ್ಯುಸನ್ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು. ಗೆಳೆಯರ ಗುಂಪಿನ ಗಾಳಿ ಈ ಊರಿಗೂ ಬೀಸಿತೆನ್ನಬೇಕು. ಹಾಗೆಯೇ ಮರಾಠಿಯ ಶ್ರೇಷ್ಠ ಕಥೆಗಾರರಾದ ಜಿ.ಎ. ಕುಲಕರ್ಣಿಯವರು ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ, ಕನ್ನಡದ ನಡುವೆ ದಶಕಗಳ ಕಾಲ ಬಾಳಿ, ಮರಾಠಿಯಲ್ಲಿ ಬರೆದರು. ನೆರೆಯ ಭಾಷೆ ಕಿವಿಗೆ ಬಿದ್ದರೆ ನಮ್ಮ ಭಾಷೆ ಕೆಡುವದೆಂಬ ಭಯವನ್ನು ಇವರೆಲ್ಲ ತಮ್ಮ ಬರಹದಿಂದಲೇ ಕಳೆದಿದ್ದಾರೆ.

ನಮ್ಮ ಭೀಮೆಯ ನಾಡಿನ ಹಲಸಂಗಿಯ ಮಾತನ್ನು ಹೇಳದಿದ್ದರೆ ಊರಿನವರು ನನ್ನನ್ನು ಕ್ಷಮಿಸಲಾರರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಮಾಡಿದ ದೊಡ್ಡ ಕೆಲಸವೇನು? ಕೇಳಿದರು. ಅಕ್ಷರ ಬಾರದ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡಿಕೊಳ್ಳುತ್ತಿದ್ದ ತ್ರಿಪದಿಗಳನ್ನು ಕೇಳಿ, ಅವರು ಆಡಿದಂತೆಯೇ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಹೊರಬಂದಿತು. ಆ ಗೆಳೆಯರು ಬೀಸುಕಲ್ಲಿನ ಮುಂದೆ ಕೆಂಪು ಶಾಯಿ ಹಿಡಿದುಕೊಂಡು ಕುಳಿತಿದ್ದರೆ ಇಂದು ನಮಗೆ ಆ ಹಾಡುಗಳೂ ಇರುತ್ತಿರಲಿಲ್ಲ.

ಇನ್ನು ಲಿಪಿಯ ಮಾತು. ತುಳುವಿಗೆ ತನ್ನದೇ ಆದ ಹಳೆಯ ಲಿಪಿಯಿದ್ದರೂ ಅದರ ಪುಸ್ತಕಗಳು ಕನ್ನಡ ಅಕ್ಷರದಲ್ಲಿ ಅಚ್ಚಾಗುತ್ತ ಬಂದಿವೆ. ಅದರಿಂದ ತುಳು ಕನ್ನಡವಾಗಿಬಿಡಲಿಲ್ಲ. ಕೊಂಕಣಿಯನ್ನು ದೇವನಾಗರಿ, ರೋಮನ್, ಕನ್ನಡ, ಮಲಯಾಳ ಅಕ್ಷರಗಳಲ್ಲಿ ಬರೆಯುತ್ತಾರೆ. ಎಲ್ಲಿ ಬರೆದರೂ ಅದು ಕೊಂಕಣಿಯೇ. ನಮ್ಮ ದಾಸರ ಪದಗಳನ್ನು ದೇವನಾಗರಿಯಲ್ಲಿ ಬರೆದಿಟ್ಟುಕೊಂಡು ನಿತ್ಯ ಹಾಡುವ ಹಿರಿಯರನ್ನು ಈ ಊರಿನಲ್ಲಿಯೇ ನಾನು ಕಂಡಿದ್ದೇನೆ. ಆ ಹಾಡಿನ ಕನ್ನಡಕ್ಕೆ ಏನೂ ಕೊರತೆಯಾಗಿರಲಿಲ್ಲ. ಲಿಪಿ ಬೇಡವೆಂದು ನಾನು ಹೇಳುತ್ತಿಲ್ಲ. ಲಿಪಿಯಿಲ್ಲದೆ ಪಂಪನಿಂದ ಕುವೆಂಪುವಿನ ವರೆಗಿನ ಭಂಡಾರದ ಬಾಗಿಲು ಮಗುವಿಗೆ ತೆರೆಯದು. ಆದರೆ ಮೊದಲು ಆಡಲು ಮಾತಿರಲಿ. ಆಡಿದ ಮಾತನ್ನು ಇಟ್ಟುಕೊಳ್ಳಬೇಕೆಂಬ ಆಸೆ ಹುಟ್ಟಲಿ. ಆಗ ಅಕ್ಷರ ಕಲಿಯುವದು ಹೊರೆಯಾಗುವದಿಲ್ಲ.

ಇಷ್ಟೆಲ್ಲ ವಿಚಾರ ಅಂದೇ, ಆ ಹಾಳೆಯನ್ನು ಹಿಡಿದು ನಿಂತಾಗಲೇ ಬಂದಿತೆಂದು ಹೇಳಿದರೆ ಸುಳ್ಳಾದೀತು. ಅಂದು ಲೇಖಣಿಯನ್ನು ಜೇಬಿಗೆ ಹಾಕಿಕೊಂಡು “ನಡೀತದವ್ವಾ” ಎಂದೆ, ಅಷ್ಟೆ.

ಹುಣ್ಣಿಮೆಯ ರಾತ್ರಿ ಬಂದಿತು. ಜಮಖಾನೆ ಹಾಸಿದರು. ಹಾಲಿನ ಪಾತೇಲಿ ಒಂದು ಮೂಲೆಯಲ್ಲಿ ಕುದಿಯುತ್ತಿದ್ದಿತು. ಗುಜರಾತಿ ಹುಡುಗನೊಬ್ಬ ತನ್ನ ಅಜ್ಜಿಯ ಕನ್ನಡಕ ಕಳೆದ ಸಂಗತಿಯನ್ನು ಪದ್ಯ ಮಾಡಿ ಓದಿದ. ಅರ್ಥ ಹೇಳುವ ಮೊದಲೇ ಎಲ್ಲರೂ ನಕ್ಕರು, ಕನ್ನಡಕ ಅಜ್ಜಿಯ ತಲೆಯ ಮೇಲೆಯೇ ಇದ್ದಿತು. ತಮಿಳು ಮನೆಯ ಹುಡುಗಿ ಶಾಲೆಯ ಬಸ್ಸಿನ ಕಿಡಿಕಿಯ ಬಗ್ಗೆ ಓದಿದಳು. ಉಡುಪಿಯ ಕಡೆಯಿಂದ ಬಂದು ಹೋಟೆಲು ನಡೆಸುವ ಮನೆಯ ಮಗಳು ತುಳುವಿನಲ್ಲಿ ಓದಿದಳು. ಕನ್ನಡದವಳೆಂದು ಅವಳನ್ನು ಪಟ್ಟಿಯಲ್ಲಿ ಬರೆದುಕೊಂಡಿದ್ದ ನನಗೇ ಅರ್ಥ ತಿಳಿಯಲು ಅವಳ ಮರಾಠಿಯ ಎರಡು ವಾಕ್ಯ ಬೇಕಾದವು. ಕನ್ನಡದೊಳಗೆಯೇ ಎಷ್ಟು ಮನೆಗಳಿವೆಯೆಂಬದನ್ನು ನಾವು ಮರೆಯುತ್ತೇವೆ. ನನ್ನ ಮೊಮ್ಮಗಳು ತನ್ನ ದೇವನಾಗರಿ ಹಾಳೆಯನ್ನು ಹಿಡಿದು ಕೆರೆಯ ಕಪ್ಪೆಗಳ ಪದ್ಯ ಓದಿದಳು. ಓದುವಾಗ ‘ಕೆರೆ’ ಕೆರೆಯೇ ಆಗಿದ್ದಿತು, ‘ಕೇರೇ’ ಆಗಲಿಲ್ಲ. ತಪ್ಪು ಹಾಳೆಯ ಮೇಲಿತ್ತೇ ಹೊರತು ನಾಲಗೆಯ ಮೇಲಿರಲಿಲ್ಲ.

ಕೊನೆಗೆ ವಾಚಮನ್‌ನ ಮಗ ಎದ್ದು ನಿಂತ. ಯಾದಗಿರಿಯ ಕಡೆಯವರು. ತಂದೆ ಮೊದಲು ಗೌಂಡಿ ಕೆಲಸದಲ್ಲಿದ್ದವನು. ಹುಡುಗ ಮಹಾನಗರಪಾಲಿಕೆಯ ಮರಾಠಿ ಶಾಲೆಯಲ್ಲಿ ಎಂಟನೆಯ ಇಯತ್ತೆ. ಕೈಯಲ್ಲಿ ಹಾಳೆ ಇರಲಿಲ್ಲ, ಬಾಯಿಪಾಠ ಹೇಳಿದ. ಕವಿತೆಯ ಹೆಸರು ‘ಬಾಗಲಾ’.

ನಾವು ಹನ್ನೊಂದು ಮನೆಗಳಲ್ಲಿ ಇದ್ದೇವೆ, ಎಲ್ಲವೂ ದೊಡ್ಡ ದೊಡ್ಡ ಮನೆ, ಒಂದಕ್ಕೂ ಬಾಗಿಲಿರಲಿಲ್ಲ ಎಂದು ಅವನು ಆರಂಭಿಸಿದ. ಅಪ್ಪ ಗೋಡೆ ಕಟ್ಟುತ್ತಿದ್ದ. ಬಾಗಿಲಿನ ಜಾಗದಲ್ಲಿ ಅವ್ವ ತನ್ನ ಸೀರೆ ಕಟ್ಟುತ್ತಿದ್ದಳು. ಬಡಗಿ ಬಂದು ಬಾಗಿಲು ಕೂಡ್ರಿಸಿದ ದಿನ ನಾವು ಗಂಟು ಕಟ್ಟುತ್ತಿದ್ದೆವು. ಬಾಗಿಲು ಬಂದಿತೆಂದರೆ ನಾವು ಹೋಗಬೇಕು. ಈಗ ಗೇಟಿನ ಹತ್ತಿರದ ಕೋಣೆಗೆ ಬಾಗಿಲಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಂಗಿ ಎದ್ದು ಹೋಗಿ ಅದನ್ನು ತೆರೆಯುತ್ತಾಳೆ, ಮುಚ್ಚುತ್ತಾಳೆ, ಮತ್ತೆ ತೆರೆಯುತ್ತಾಳೆ. ಯಾಕ ಎಂದು ಕೇಳಿದರೆ, ನಮ್ಮದ ಹೌದೋ ಅಲ್ಲೋ ನೋಡ್ತೀನಿ ಅನ್ನುತ್ತಾಳೆ.

ಇಷ್ಟೇ ಕವಿತೆ. ಅವನು ಒಂದು ಕಡೆ ‘ದರವಾಜಾ’ ಎಂದ, ಇನ್ನೊಂದು ಕಡೆ ‘ಬಾಗಲಾ’ ಎಂದ. ಲಕ್ಷ್ಯಕೊಟ್ಟು ಕೇಳಿದ ಮೇಲೆ ತಿಳಿಯಿತು: ಕಟ್ಟಿ ಬಿಟ್ಟುಹೋದ ಮನೆಗಳದ್ದು ದರವಾಜಾ, ತಮ್ಮ ಕೋಣೆಯದ್ದು ಬಾಗಲಾ. ಕೆಂಪು ಶಾಯಿಯವನು ಅದರಲ್ಲಿ ಕೈಯಿಟ್ಟಿದ್ದರೆ ಎರಡನ್ನೂ ಹೊಡೆದು ಶುದ್ಧ ‘ಬಾಗಿಲು’ ಮಾಡಿ, ಕವಿತೆಯ ಜೀವವನ್ನೇ ತೆಗೆದುಬಿಡುತ್ತಿದ್ದ.

ಅವನು ಮರಾಠಿಯಲ್ಲಿ ಅರ್ಥ ಹೇಳಿದ. ಮಾಳಿಗೆಯ ಮೇಲೆ ಮಾತಿಲ್ಲ. ಕೆಳಗೆ ಬಾಗಿಲು ಹಾಕಿಕೊಂಡು ಬಂದಿದ್ದ ಇಪ್ಪತ್ತನಾಲ್ಕು ಮನೆಯವರು ನಾವು. ಕಾಕೂ ಮೊದಲು ಬಾಯಿ ತೆರೆದು, ಈ ಊರಿನ ನಾಟಕದ ಪ್ರೇಕ್ಷಕರ ಪದ್ಧತಿಯಂತೆ “ವನ್ಸ್ ಮೋರ್” ಎಂದರು. ಎಲ್ಲರೂ ದನಿಗೂಡಿಸಿದರು. ಅಷ್ಟರಲ್ಲಿ ಕನ್ನಡಕದ ಅಜ್ಜಿಯ ಮಗ, ಆ ಗುಜರಾತಿ ಗೃಹಸ್ಥರು, “ತಡೆಯಿರಿ, ತಡೆಯಿರಿ, ಇವನ ತಂದೆ ಎಲ್ಲಿ?” ಎಂದರು. ತಂದೆ ಕೆಳಗೆ ಗೇಟಿನಲ್ಲಿದ್ದ; ಗೇಟು ಬಿಟ್ಟು ಬರುವಂತಿಲ್ಲವಷ್ಟೆ. ಗುಜರಾತಿ ಗೃಹಸ್ಥರು ಇಳಿದು ಹೋಗಿ, ತಾವೇ ಆ ಸ್ಟೂಲಿನ ಮೇಲೆ ಕುಳಿತು, ಅವನನ್ನು ಮೇಲೆ ಕಳಿಸಿದರು. ಆತ ಟೊಪ್ಪಿಗೆ ತೆಗೆದು ಮೆಟ್ಟಿಲ ಬಳಿಯೇ ನಿಂತು, ಮಗನ ಕವಿತೆಯನ್ನು ಎರಡನೆಯ ಸಲ ಹೇಳಿದಾಗ ಕೇಳಿದ. ಅವನಿಗೆ ಯಾವ ಲಿಪಿಯೂ ಬಾರದು. ಹಾಲು ಕೊಟ್ಟಾಗ ನನ್ನ ಕಡೆಗೆ ತಿರುಗಿ, “ಇದೆಲ್ಲ ಇವನ ತಲ್ಯಾಗ ಐತಿ ಅಂತ ನನಗ ಗೊತ್ತ ಇರಲಿಲ್ರಿ” ಎಂದ.

ನನಗೂ ಗೊತ್ತಿರಲಿಲ್ಲ. ಎರಡು ವರ್ಷ ದಿನಾಲು ಆ ಹುಡುಗನ ಮುಂದೆಯೇ ಹಾದು, ಕನ್ನಡ ಸಂಘದ ಸಭೆಗೆ ಹೋಗಿ, ಪುಣೆಯಲ್ಲಿ ಕನ್ನಡದ ಭವಿಷ್ಯವೇನು ಎಂದು ಭಾಷಣ ಮಾಡಿ ಬರುತ್ತಿದ್ದೆ.

ಇಂಥ ಕೆಲಸವನ್ನು ದೊಡ್ಡದಾಗಿ ಮಾಡಿದವರೂ ಇದ್ದಾರೆ. ಬ್ರಿಟನ್ನಿನ ವೇಲ್ಸ್ ಪ್ರಾಂ‌ತದಲ್ಲಿ ಇಂಗ್ಲಿಷಿನ ಪಕ್ಕದಲ್ಲಿ ಬದುಕಬೇಕಾದ ವೆಲ್ಷ್ ಭಾಷೆಯವರು ಮಕ್ಕಳಿಗಾಗಿ 1922ರಲ್ಲಿ ‘ಉರ್ದ್’ ಎಂಬ ಸಂಸ್ಥೆಯನ್ನು ಕಟ್ಟಿದರು. 1929ರಲ್ಲಿ ಕೋರ್ವೆನ್ ಎಂಬ ಸಣ್ಣ ಊರಿನಲ್ಲಿ ಮಕ್ಕಳ ಹಾಡು, ಕವಿತೆ, ನಾಟಕಗಳ ಮೊದಲ ಮೇಳ ನಡೆಯಿತು. ಇಂದಿಗೂ ಅದು ನಡೆದಿದೆ. ಮೊದಲು ತಮ್ಮ ಊರಿನ ಸುತ್ತಿನಲ್ಲಿ, ಆಮೇಲೆ ಪ್ರಾಂತದ ಸುತ್ತಿನಲ್ಲಿ ಮಕ್ಕಳು ಹಾಡಿ, ಓದಿ, ಕೊನೆಗೆ ದೊಡ್ಡ ಮೇಳಕ್ಕೆ ಬರುತ್ತಾರೆ. ಆ ಮೇಳದಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿತು: ಮನೆಯಲ್ಲಿ ವೆಲ್ಷ್ ಆಡದೆ ಈಗ ಹೊಸದಾಗಿ ಕಲಿಯುತ್ತಿರುವ ಮಕ್ಕಳಿಗೆ ಬೇರೆ ಸ್ಪರ್ಧೆಗಳನ್ನೇ ಇಟ್ಟಿದ್ದಾರೆ. ತಪ್ಪು ಮಾಡುವವರಿಗೂ ವೇದಿಕೆಯುಂಟು. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ 1999ರಲ್ಲಿ ಮಾರ್ಚ್ 21ನ್ನು ವಿಶ್ವ ಕಾವ್ಯ ದಿನವೆಂದು ಗೊತ್ತುಮಾಡಿದಾಗಲೂ, ಅನೇಕ ಭಾಷೆಗಳಿಗೆ ಕವಿತೆಯ ಮೂಲಕ ದನಿ ಸಿಗಲಿ ಎಂಬದೇ ಉದ್ದೇಶಗಳಲ್ಲೊಂದಾಗಿದ್ದಿತು. ನಮಗೆ ಹುಣ್ಣಿಮೆಯಿದೆ, ಮಾಳಿಗೆಯಿದೆ. ಬೇರೆ ಸಲಕರಣೆ ಬೇಕಾಗಿಲ್ಲ.

ನಿಮ್ಮ ಓಣಿಯಲ್ಲಿಯೋ ಸೊಸಾಯಿಟಿಯಲ್ಲಿಯೋ ಇಂಥದೊಂದು ರಾತ್ರಿಯನ್ನು ನಡೆಸಬೇಕೆನ್ನುವವರಿಗೆ ನಮ್ಮ ಅನುಭವದ ನಾಲ್ಕು ಮಾತು ಹೇಳುತ್ತೇನೆ. ಮೊದಲನೆಯದು, ಕನ್ನಡದವರಷ್ಟೇ ಕೂಡಬೇಡಿರಿ. ನೆರೆಯ ಮಕ್ಕಳೆದುರು ತನ್ನ ಮನೆಮಾತನ್ನು ಓದಿ ಚಪ್ಪಾಳೆ ಪಡೆದ ಮಗು, ಮರುದಿನ ಆ ಮಾತಿಗೆ ನಾಚುವದಿಲ್ಲ. ಎರಡನೆಯದು, ಎರಡು ವಾಕ್ಯದ ಅರ್ಥವನ್ನು ಬಿಡಿಸಬೇಡಿರಿ. ಭೈರಪ್ಪನವರ ಕಾದಂಬರಿಗಳನ್ನು ಮರಾಠಿಯ ಮನೆಮನೆಗೆ ಮುಟ್ಟಿಸಿದ ಉಮಾ ಕುಲಕರ್ಣಿಯವರು ಇದೇ ಪುಣೆಯಲ್ಲಿ ಆ ಕೆಲಸ ಮಾಡಿದವರು. ಅನುವಾದವೆಂಬ ದೊಡ್ಡ ಸೇತುವೆಗೆ ಇಂಥ ಎರಡು ವಾಕ್ಯವೇ ಮೊದಲ ಕಲ್ಲು. ಮೂರನೆಯದು, ಆ ರಾತ್ರಿ ಹಿರಿಯರು ಯಾರೂ ತಿದ್ದಕೂಡದು. ಹೊಗಳಿಕೆಯೂ ಅತಿಯಾಗುವದು ಬೇಡ. ಚೆನ್ನಾಗಿ ಕೇಳಿದರೆ ಸಾಕು. ನಾಲ್ಕನೆಯದು, ಲಿಪಿಯನ್ನು ಆಮೇಲೆ ತನ್ನಿರಿ. ಒಂದು ತಿಂಗಳು ಬಿಟ್ಟು, ಮಗು ಬರೆದ ಅದೇ ಕವಿತೆಯನ್ನು ಮಗುವೂ ನೀವೂ ಕೂಡಿ ಕನ್ನಡ ಅಕ್ಷರದಲ್ಲಿ ಬರೆಯಿರಿ. ಪಾಠಪುಸ್ತಕದ ಅ-ಆ-ಇ-ಈ ಕಲಿಯಲು ಬೇಸರಪಡುವ ಮಗು, ತನ್ನ ಹೆಸರಿನ ಕೆಳಗಿನ ತನ್ನ ಕವಿತೆಯನ್ನು ಬರೆಯಲು ಬೇಸರಪಡುವದಿಲ್ಲ. ಹೀಗೆ ಕೂಡಿದವುಗಳನ್ನು ಹೊಲಿದರೆ ಒಂದು ಕೈಬರಹದ ಪತ್ರಿಕೆಯಾಗುತ್ತದೆ. ನಮ್ಮ ಕಾಲದ ಶಾಲೆಗಳಲ್ಲಿ, ವಸತಿಗೃಹಗಳಲ್ಲಿ ಕೈಬರಹದ ಪತ್ರಿಕೆ ಇರುತ್ತಿದ್ದಿತೆಂಬದು ಹಿರಿಯ ವಾಚಕರಿಗೆ ನೆನಪಿರಬೇಕು.

ವಾಚಮನ್‌ನ ಮಗ ಈಗ ರವಿವಾರ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಾನೆ. ಅವನೂ ಮೊಮ್ಮಗಳೂ ಕೂಡಿ ಅಕ್ಷರ ಕಲಿಯುತ್ತಿದ್ದಾರೆ. ಅವನ ಕನ್ನಡ ಗಟ್ಟಿ, ಇವಳ ಅಕ್ಷರ ದುಂಡು, ಒಬ್ಬರಿಗೊಬ್ಬರು ಗುರುಗಳು. ಅವರ ತಂದೆತಾಯಿ ಇನ್ನೆಷ್ಟು ದಿನ ಈ ಗೇಟಿನಲ್ಲಿರುತ್ತಾರೋ ಗೊತ್ತಿಲ್ಲ. ಮತ್ತೊಂದು ಊರಿಗೆ ಹೋಗಬೇಕಾದರೂ ಅಕ್ಷರ ಅವನ ಸಂಗಡ ಹೋಗುತ್ತದೆ.

ಒಂದು ಮಾತು ಉಳಿಯಿತು. ಆ ಹುಣ್ಣಿಮೆಯ ರಾತ್ರಿ ಜಮಖಾನೆ ಮಡಿಚುವಾಗ ನನ್ನ ಮಗ ಇನ್ನೊಂದು ತುದಿ ಹಿಡಿದಿದ್ದ. ನಲವತ್ತು ದಾಟಿದವನು, ಮನೆಯಲ್ಲಿ ಮಾತು ಕಡಿಮೆ. ಮಡಿಕೆ ಕೂಡಿಸುತ್ತ ಹತ್ತಿರ ಬಂದಾಗ, “ಅಪ್ಪಾ, ನನ್ನ ಹೋಡಿ ನೆನಪದ ಏನು?” ಎಂದ.

“ಅದ” ಎಂದೆ.

“ಹೋಡೀನ ಛಲೋ ಇತ್ತು” ಎಂದ.

“ಹೌದು, ಹೋಡೀನ ಛಲೋ ಇತ್ತು” ಎಂದು ನಾನೂ ಒಪ್ಪಿದೆ. ಮೂವತ್ತು ವರ್ಷದ ಮೇಲೆ ಒಂದು ಶಬ್ದ ತನ್ನ ಜಾಗಕ್ಕೆ ಮರಳಿತು. ಮುಂದಿನ ರವಿವಾರ ಮಕ್ಕಳು ಅಕ್ಷರ ತೀಡಲು ಕುಳಿತಾಗ ಅವನೂ ಒಂದು ಹಾಳೆ ತೆಗೆದುಕೊಂಡು ಪಕ್ಕದಲ್ಲಿ ಕುಳಿತ. ಏನು ಬರೆದನೆಂದು ನಾನು ಕೇಳಿಲ್ಲ. ತಾನಾಗಿ ಓದಿದರೆ ಕೇಳುತ್ತೇನೆ.

ನಿಮ್ಮ ಮನೆಯ ಮಕ್ಕಳು ಬರೆದದ್ದಿದ್ದರೆ ಈ ಪತ್ರಿಕೆಗೆ ಕಳಿಸಿರಿ. ಯಾವ ಲಿಪಿಯಾದರೂ ಆಗಲಿ, ಯಾವ ಓಣಿಯ ಕನ್ನಡವಾದರೂ ಆಗಲಿ. ಒಂದೇ ವಿನಂತಿ: ಕೈಬರಹ ಮಗುವಿನದೇ ಇರಲಿ.